ಏಳನೆಯ ಬಾಗಿಲು

"ನಿನ್ನ ಗಂಡ ಇಲ್ಲಿಲ್ಲ. ಮಂಗಳವಾರವೇ ಬಿಟ್ಟಾಯ್ತು."

ಕ್ಯಾಕಿಮ್ವಾ ಬೆಚ್ಚಿ ನಿಂತಳು. ಕೈಯಲ್ಲಿದ್ದ ಬುತ್ತಿಪಾತ್ರೆ ಇನ್ನೂ ಬಿಸಿಯಾಗಿತ್ತು. ಇವತ್ತು ಶುಕ್ರವಾರ. ಸರೋವರದ ದಡದ ಊರು ಮುಲಿಂದೆಯ ಬಂದೀಖಾನೆಯಲ್ಲಿ ಸರ್ಕಾರದ ಊಟವೆಂಬುದಿಲ್ಲ. ಒಳಗಿದ್ದವರಿಗೆ ಮನೆಯವರೇ ತರಬೇಕು. ಬುಧವಾರ ಅವಳೇ ತಂದಿದ್ದಳು. ಗುರುವಾರ ಜ್ವರ ಬಂದು ಮಲಗಿದಾಗ ಪಕ್ಕದ ಮನೆಯ ಗೊರೆತಿ ಅದೇ ಪಾತ್ರೆಯಲ್ಲಿ ಅಡುಗೆ ತುಂಬಿ ತಂದುಕೊಟ್ಟಿದ್ದಳು. ಎರಡು ದಿನವೂ ಕಾವಲಿನ ಇದೇ ಸೋಸ್ತೆನ್ ಪಾತ್ರೆಯನ್ನು ಒಳಗೆ ಒಯ್ದಿದ್ದ, ಸಂಜೆ ಹಿಂದಿರುಗಿಸಿದ್ದ.

"ಹಾಗಾದ್ರೆ ಎರಡು ದಿನದ ಊಟ ಯಾರು ತಿಂದ್ರು?"

ಸೋಸ್ತೆನ್ ಹಲ್ಲು ಕಿರಿದ. "ನಾವೇ ತಿಂದ್ವಿ ಕಣವ್ವಾ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು."

ಸಾಲಿನಲ್ಲಿದ್ದ ಹೆಂಗಸರು ಅವನಿಗೆ ಶಾಪ ಹಾಕಿದರು. ಕ್ಯಾಕಿಮ್ವಾ ಪಾತ್ರೆ ಹಿಡಿದು ಸಾಲಿನಿಂದ ಹೊರಬಂದಳು. ಬಂದೀಖಾನೆಯ ಪುಸ್ತಕದಿಂದ ಹೆಸರು ಹೋಯಿತೆಂದರೆ ಮನುಷ್ಯನಿಗೆ ವಾರಸುದಾರರೇ ಇಲ್ಲ. ಹಾಗೆ 'ಬಿಡುಗಡೆ'ಯಾದ ಇಬ್ಬರು ಹೋದ ವರ್ಷ ಸರೋವರದಲ್ಲಿ ಹೆಣವಾಗಿ ತೇಲಿದ್ದರು.

ಅವಳ ಗಂಡ ಎಂಬೂಸಾ ದೋಣಿಯವನು. ದಡದ ಗುಡಿಸಲುಗಳಿಗೆ ಬೆಂಕಿ ಬಿದ್ದ ದಿನ ತಾನು ಕಂಡದ್ದನ್ನು ಊರ ಸಭೆಯಲ್ಲಿ ಎದ್ದು ನಿಂತು ಹೇಳಿದ್ದ. ಅದೇ ವಾರ ಅವನನ್ನು ಹಿಡಿದರು.

ಅವಳು ಗೊರೆತಿಯ ಕೈ ಹಿಡಿದು ನೇರವಾಗಿ ದೋಣಿಗಟ್ಟೆಯ ಬಳಿಯ ಕಚೇರಿಗೆ ಓಡಿದಳು. ಅಲ್ಲಿ ಹೊರದೇಶಗಳಿಂದ ಬಂದ ಮಾನವ ಹಕ್ಕುಗಳ ನಿಗಾದವರಿದ್ದರು. ಅವರ ಹಿರಿಯಳು ರಮಾತಾ ಸವದೋಗೊ, ಬುರ್ಕಿನಾ ಫಾಸೊದವಳು. ಊರವರು ಅವಳನ್ನು 'ಬರೆಯೋ ಅಮ್ಮ' ಅನ್ನುತ್ತಿದ್ದರು—ಸ್ವಲ್ಪ ಗೇಲಿಯಿಂದಲೇ. ಅವಳ ಬಳಿ ಕೋವಿ ಇಲ್ಲ, ಬೇಡಿ ಇಲ್ಲ. ಇದ್ದದ್ದು ಒಂದು ನೋಟುಬುಕ್ಕು, ಮತ್ತು ಹೇಳದೆ ಕೇಳದೆ ಯಾವ ಬಂದೀಖಾನೆಯನ್ನಾದರೂ ನೋಡಬಹುದೆಂದು ಸರ್ಕಾರವೇ ಕೊಟ್ಟ ಕಾಗದ.

ರಮಾತಾ ಅವೇ ಪ್ರಶ್ನೆಗಳನ್ನು ಮೂರು ಸಲ ಕೇಳಿದಳು. ಯಾವ ದಿನ? ಯಾರ ಕೈಗೆ ಕೊಟ್ಟೆ? ಯಾರು ವಾಪಸ್ ಕೊಟ್ಟರು? ಆಮೇಲೆ ಪಾತ್ರೆಯನ್ನು ಎತ್ತಿ ತಳ ನೋಡಿದಳು. ಅಂಚಿನ ಎಣ್ಣೆಜಿಡ್ಡಿಗೆ ಅಂಟಿದ್ದ ಏನನ್ನೋ ಉಗುರಿನಿಂದ ಕೆರೆದು ಹಾಳೆಯೊಳಗೆ ಮಡಚಿಟ್ಟಳು.

ಗೊರೆತಿಗೆ ಬೇರೆಯದೇ ಸಂಕಟ. "ನಿನ್ನೆ ಪಾತ್ರೆ ಬಂದಾಗ ಮುದ್ದೆ ಮಾತ್ರ ಖಾಲಿ. ನನ್ನ ಮೀನು ಹಾಗೇ ವಾಪಸ್! ನನ್ನ ಕೈಯಡುಗೆ ಅಂದ್ರೆ ಅಷ್ಟು ಸಸಾರ."

"ಗಂಡ ಇದ್ದಾನೋ ಸತ್ತಿದ್ದಾನೋ ಗೊತ್ತಿಲ್ಲ, ನಿನಗೆ ಮೀನಿನ ಚಿಂತೆ!" ಕ್ಯಾಕಿಮ್ವಾ ಗದರಿದಳು.

ರಮಾತಾ ಗದರಲಿಲ್ಲ. ಗೊರೆತಿಯನ್ನು ಕಿಟಕಿಯ ಬಳಿ ಕರೆದು ಪಿಸುದನಿಯಲ್ಲಿ ಏನೋ ಕೇಳಿದಳು. ಗೊರೆತಿ ಉತ್ತರ ಕೊಟ್ಟವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ರಮಾತಾ ತುಟಿಯ ಮೇಲೆ ಬೆರಳಿಟ್ಟಳು.

"ನಡೀರಿ, ಹೋಗೋಣ."

ಬಂದೀಖಾನೆಯ ಕಮಾಂಡಂಟ್ ಬೊಕೆಲೊ ಪಶ್ಚಿಮದ ಪ್ರಾಂತ್ಯದವನು. ಇಸ್ತ್ರಿ ಮುರಿಯದ ಅಂಗಿ, ಬೆಣ್ಣೆಯಂಥ ಮಾತು. ಕುರ್ಚಿ ಹಾಕಿಸಿದ. ಪುಸ್ತಕ ಬಿಡಿಸಿದ. "ನೋಡಿ ಮೇಡಂ. ಮಂಗಳವಾರ. ಅವನದೇ ಸಹಿ."

ರಮಾತಾ ಅದನ್ನು ನಿಧಾನವಾಗಿ ಬರೆದುಕೊಂಡಳು. "ಅವನ ಸಾಮಾನು?"

"ಏನು ಸಾಮಾನು?"

"ಒಳಗೆ ಹಾಕುವಾಗ ಸೊಂಟಪಟ್ಟಿ ಬಿಚ್ಚಿಸ್ತೀರಲ್ಲ?"

ಉಗ್ರಾಣದ ಮೊಳೆಯಲ್ಲಿ ಅದು ನೇತಾಡುತ್ತಿತ್ತು: ಬಲೆಯ ಹಗ್ಗದಿಂದ ಎಂಬೂಸಾ ತಾನೇ ಹೆಣೆದ ಪಟ್ಟಿ, ಹೆಸರಿನ ಚೀಟಿ ಸಮೇತ.

"ಬಿಡುಗಡೆಯಾದವನು ಚಡ್ಡಿ ಕೈಯಲ್ಲಿ ಹಿಡ್ಕೊಂಡು ಹೋದನಾ?" ರಮಾತಾ ಕೇಳಿದಳು.

"ಖುಷಿಯಲ್ಲಿ ಮರೆತಿರಬೇಕು." ಬೊಕೆಲೊ ಭುಜ ಕುಣಿಸಿದ. "ಗೇಟಿನಾಚೆ ಗುಡ್ಡದ ಶಿಬಿರದ ಸೈನಿಕರು ಹಿಡಿದಿರಬಹುದು. ಇಲ್ಲ ಕಾಡಿನ ಬಂಡುಕೋರರ ಜೊತೆ ಓಡಿರಬಹುದು. ನಾನೇನು ಮಾಡ್ಲಿ?"

"ಏನೂ ಮಾಡಬೇಡಿ. ಬಾಗಿಲು ತೆಗೀರಿ, ಸಾಕು. ಎಲ್ಲಾ ಬಾಗಿಲು. ನಮ್ಮ ವಾಡಿಕೆ."

ಮೊದಲನೆಯದು ಕಕ್ಕಸು. ರಮಾತಾ ಒಳಹೊಕ್ಕು ನೋಡಿದಳು, ಬರೆದಳು. ಎರಡನೆಯದು ನೀರಿನ ಕೋಣೆ. ಪೀಪಾಯಿಗಳನ್ನು ಎಣಿಸಿದಳು! ಮೂರನೆಯದು, ನಾಲ್ಕನೆಯದು—ಕೈದಿಗಳ ಕೋಣೆಗಳು. ಒಬ್ಬೊಬ್ಬನ ಹೆಸರು, ಒಬ್ಬೊಬ್ಬನ ಗಾಯ. ಎಂಬೂಸಾ ಇಲ್ಲ. ಹೊತ್ತು ಏರುತ್ತಿತ್ತು. ಕ್ಯಾಕಿಮ್ವಾಳಿಗೆ ತಡೆಯಲಾಗಲಿಲ್ಲ.

"ಅಕ್ಕಾ, ನನ್ನ ಗಂಡನ್ನ ಹುಡುಕೋಕೆ ಬಂದ್ರೋ, ಪೀಪಾಯಿ ಎಣಿಸೋಕೆ ಬಂದ್ರೋ?"

"ಎರಡಕ್ಕೂ, ತಂಗಿ."

ಸೋಸ್ತೆನ್ ಗಟ್ಟಿಯಾಗಿ ನಕ್ಕ. ಆದರೆ ಅವನ ಕೈಯಲ್ಲಿದ್ದ ಬೀಗದ ಕೈಗೊಂಚಲು ಗಿಲಿಗಿಲಿ ನಡುಗುತ್ತಿತ್ತು. ನಗುವವನ ಕೈ ಯಾಕೆ ನಡುಗಬೇಕು?

ಐದು. ಆರು. ಏಳನೆಯದು ಅಂಗಳದ ಹಿಂದಿದ್ದ ಹಳೆಯ ಗೋದಾಮು.

"ಅದು ಬಂದೀಖಾನೆಗೆ ಸೇರಿದ್ದಲ್ಲ," ಬೊಕೆಲೊ ಅಡ್ಡ ಬಂದ. "ಕಾಫಿ ಗೋದಾಮು. ಬೀಗದ ಕೈ ಕಳೆದು ವರ್ಷಗಳಾದವು."

"ಬೀಗ ಹೊಸದು," ರಮಾತಾ ಅಂದಳು.

ಬೊಕೆಲೊ ಬಾಗಿಲಿನ ಮುಂದಿನಿಂದ ಕದಲಲಿಲ್ಲ. ರಮಾತಾ ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೂತಳು, ಗಡಿಯಾರ ನೋಡಿದಳು, ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ಹತ್ತು ನಲವತ್ತು. ಏಳನೆಯ ಬಾಗಿಲು ತೆಗೆದಿಲ್ಲ." ಹತ್ತು ನಿಮಿಷ ಬಿಟ್ಟು ಮತ್ತೆ: "ಹತ್ತು ಐವತ್ತು. ತೆಗೆದಿಲ್ಲ." ಬುತ್ತಿ ತಂದ ಹೆಂಗಸರು ಒಬ್ಬೊಬ್ಬರೇ ಬಂದು ಪಾತ್ರೆ ಇಳಿಸಿ ಅವಳ ಸುತ್ತ ಕೂತರು. ಬಿಸಿಲು ನೆತ್ತಿಗೆ ಬಂತು.

"ಈ ಪುಸ್ತಕ ಎಲ್ಲಿಗೆ ಹೋಗುತ್ತೆ?" ಕೊನೆಗೆ ಬೊಕೆಲೊ ಕೇಳಿದ.

"ಮೊದಲು ನಿಮ್ಮ ರಾಜಧಾನಿಗೆ. ಆಮೇಲೆ ಜಿನೀವಾಗೆ. ನಿಮ್ಮ ಹೆಸರು ಸರಿಯಾಗಿ ಬರೆದಿದ್ದೀನಾ, ನೋಡಿ."

ಬೊಕೆಲೊ ನೋಡಿದ. ಬಹಳ ಹೊತ್ತು ನೋಡಿದ. ಕಳೆದುಹೋಗಿದ್ದ ಬೀಗದ ಕೈ ಅವನ ಕೊರಳ ಸರದಿಂದಲೇ ಹೊರಬಂತು.

ಒಳಗೆ, ಹಳೆಯ ಗೋಣಿಚೀಲಗಳ ನಡುವೆ, ಸಡಿಲವಾದ ಚಡ್ಡಿಯನ್ನು ಕೈಯಲ್ಲಿ ಹಿಡಿದು ಎಂಬೂಸಾ ಎದ್ದು ನಿಂತ. ಬೆಳಕಿಗೆ ಕಣ್ಣು ಕಿರಿದು ಮಾಡಿದ. ಹೆಂಡತಿಯನ್ನು ಕಂಡು ಅಂದದ್ದು ಒಂದೇ ಮಾತು: "ಜ್ವರ ಬಂದಿತ್ತಾ ನಿನಗೆ?"

ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿದ ಮೇಲೆ, ಕಾರಿನಲ್ಲಿ ಇಬ್ಬರೇ ಇದ್ದಾಗ, ಕ್ಯಾಕಿಮ್ವಾ ಕೇಳಿದಳು: "ಅಕ್ಕಾ, ಅವರು ಬದುಕಿದ್ದಾರೆ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಗೊರೆತಿಯ ಮೀನು ಹೇಳಿತು. ಯಾವ ಮೀನು ಅಂತ ನೀನು ಕೇಳಲಿಲ್ಲ. ಕೆಸರುಮೀನು."

ಕ್ಯಾಕಿಮ್ವಾ ತಲೆಯ ಮೇಲೆ ಕೈ ಹೊತ್ತಳು. "ಅಯ್ಯೋ! ಅವರ ಬೆಡಗಿನವರು ಅದನ್ನ ಮುಟ್ಟೋದಿಲ್ಲ. ಅದು ಅವರ ಕುಲಕ್ಕೇ ಹಿರಿಯ! ಅಡುಗೆ ನನ್ನದಲ್ಲ ಅಂತ ಅದಕ್ಕೇ ಅವರಿಗೆ ಗೊತ್ತಾಯ್ತು!"

"ಹೌದು. ನಾಲ್ಕು ತಿಂಗಳ ಹಿಂದೆ ನಿನ್ನ ಗಂಡ ನನ್ನ ಎದುರು ಊಟಕ್ಕೆ ಕೂತು ಅದನ್ನು ಪಕ್ಕಕ್ಕೆ ಸರಿಸಿದ್ದ. ಆಗಲೇ ಬರೆದಿಟ್ಟಿದ್ದೆ. ಹಸಿದ ಕಾವಲಿನವನು ಮೀನು ಬಿಟ್ಟು ಬರಿ ಮುದ್ದೆ ತಿಂತಾನಾ? ಗುರುವಾರ ಆ ಪಾತ್ರೆಗೆ ಕೈ ಹಾಕಿದವನು ಎಂಬೂಸಾನೇ. ಮಂಗಳವಾರದ ಬಿಡುಗಡೆ ಸುಳ್ಳು. ಇನ್ನು ಎಲ್ಲಿ? ಪಾತ್ರೆಯ ತಳದಲ್ಲಿ ಕಾಫಿಯ ಹೊಟ್ಟು ಅಂಟಿತ್ತು. ಮುಲಿಂದೆಯಲ್ಲಿ ಕಾಫಿ ಗೋದಾಮು ಒಂದೇ. ಸೈನಿಕರೂ ಅಲ್ಲ, ಬಂಡುಕೋರರೂ ಅಲ್ಲ. ಗುಡಿಸಲು ಸುಟ್ಟ ದಿನ ದಡದಲ್ಲಿ ಯಾರ ದೋಣಿ ಕಂಡೆ ಅಂತ ನಿನ್ನ ಗಂಡ ಹೇಳಿದ್ದನೋ, ಅವನೇ. ಬೊಕೆಲೊ. ನಾಳೆ ಶನಿವಾರ ಅವನ ದೋಣಿ ಮತ್ತೆ ಹೊರಡೋದಿತ್ತು, ನಿನ್ನ ಗಂಡನನ್ನ ಸರೋವರಕ್ಕೆ ಹಾಕೋಕೆ."

"ಎಲ್ಲಾ ಗೊತ್ತಿದ್ದೂ ಕಕ್ಕಸು ಯಾಕೆ ನೋಡಿದ್ರಿ? ನನ್ನ ಜೀವ ಹೋಗ್ತಿತ್ತು!"

ರಮಾತಾ ಕಾರಿನ ಗಾಜು ಏರಿಸಿದಳು. "ಬೀಗದ ಕೈ ಬೊಕೆಲೊನ ಕೊರಳಲ್ಲಿತ್ತು. ಹಾಗಾದರೆ ಊಟ ಒಳಗೆ ಹೋದದ್ದು ಹೇಗೆ? ಗೋಡೆಯ ಹಿಂದೆ ಕಾಫಿ ಸುರಿಯುವ ಕಿಂಡಿ ಇದೆ. ಯಾರೋ ಒಬ್ಬ ಅಲ್ಲಿಂದ ಪಾತ್ರೆ ತೂರಿಸುತ್ತಿದ್ದ. 'ನಾವೇ ತಿಂದ್ವಿ' ಅಂತ ಎಲ್ಲರೆದುರು ಬೈಸಿಕೊಂಡು ಅದನ್ನು ಮುಚ್ಚಿಡುತ್ತಿದ್ದ. ನಾನು ನೇರವಾಗಿ ಏಳನೆಯ ಬಾಗಿಲಿಗೆ ಹೋಗಿದ್ದರೆ, ಹೇಳಿದವನು ಯಾರು ಅಂತ ಬೊಕೆಲೊ ಹುಡುಕುತ್ತಿದ್ದ. ಒಬ್ಬನನ್ನು ಉಳಿಸೋಕೆ ಇನ್ನೊಬ್ಬನನ್ನು ಕೊಡೋದಾ? ಅದಕ್ಕೇ ಪೀಪಾಯಿ ಎಣಿಸಿದೆ."

ಆ ನಡುಗುವ ಕೈ ಕ್ಯಾಕಿಮ್ವಾಳ ಕಣ್ಣಿಗೆ ಕಟ್ಟಿತು.

ಮರುವಾರ ಬೊಕೆಲೊನನ್ನು ವಿಚಾರಣೆಗೆ ಕರೆದೊಯ್ದರು. ಅವನ ಕಡೆಯವರು ಇನ್ನೂ ಅಂಗಳದಲ್ಲೇ ಇದ್ದರು. ಕ್ಯಾಕಿಮ್ವಾ ಗೇಟಿಗೆ ಬಂದಳು, ಕೈಯಲ್ಲಿ ಅದೇ ಪಾತ್ರೆ.

"ಮತ್ತೆ ಬಂದ್ಯಾ ಅವ್ವಾ? ಗಂಡ ಹೋದರೂ ನಮ್ಮ ಮೇಲೆ ಪ್ರೀತಿ ಹೋಗಿಲ್ವಾ?" ಸೋಸ್ತೆನ್ ಹಲ್ಲು ಕಿರಿದ.

"ಥೂ ನಿನ್ನ ಮುಖಕ್ಕೆ! ಹಳಸಿದ್ದು ತಂದಿದ್ದೀನಿ, ನಿನ್ನಂಥ ನಾಯಿಗಳಿಗೆ ಹಾಕು!" ಅವಳು ಇಡೀ ಅಂಗಳಕ್ಕೆ ಕೇಳುವಂತೆ ಬೈದು, ಪಾತ್ರೆಯನ್ನು ಅವನ ಕೈಗೆ ತುರುಕಿದಳು.

ಪಾತ್ರೆ ಬಿಸಿಯಾಗಿತ್ತು. ಒಳಗೆ ಬೆಳಗ್ಗೆ ತಾನೇ ಮಾಡಿದ ಮುದ್ದೆ, ಮೇಲೆ ಉದ್ದಕ್ಕೆ ಮಲಗಿಸಿದ ಗೊರೆತಿಯ ಕೆಸರುಮೀನು. ಉಪ್ಪನ್ನು ಅವಳು ಎರಡು ಸಲ ನೋಡಿ ಹಾಕಿದ್ದಳು.