ಕೈ ಒರೆಸಿಕೊಂಡವನು

"ಆ ಕೈ ಬೇಡ. ಇನ್ನೊಂದು ಕೊಡಿ."

ಹೀಗೆಂದದ್ದು ಒಂದು ತಲೆಕೆಳಗಾದ ಮುಖ! ಉಯ್ಯಾಲೆಯ ಕೋಲಿಗೆ ಮೊಣಕಾಲು ಸಿಕ್ಕಿಸಿ ಅವನು ಜೋತುಬಿದ್ದಿದ್ದ. ಕೂದಲು ನೆಲ ನೋಡುತ್ತಿತ್ತು, ಗಲ್ಲ ಸೂರು ನೋಡುತ್ತಿತ್ತು. ಚಾಚಿದ ಎರಡು ಕೈಗಳು ಅವಳಿಗಾಗಿ ಕಾಯುತ್ತಿದ್ದವು.

ಅವಳು ಬಲಗೈ ಕೊಟ್ಟಿದ್ದಳು. ಬುದ್ಧಿ ಬಂದಾಗಿನಿಂದ ಯಾರು ಕೈ ಚಾಚಿದರೂ ಅದೊಂದನ್ನೇ ಕೊಡುತ್ತಾ ಬಂದಿದ್ದಳು. ಎಡಗೈ ಅಂಗಿಯ ಉದ್ದ ತೋಳಿನ ಒಳಗೆ ಬೆಚ್ಚಗೆ ಅಡಗಿತ್ತು.

"ಯಾಕೆ, ಇದು ಸಾಲಲ್ವಾ?"

"ಅದು ಎಲ್ಲರ ಹತ್ರಾನೂ ಇರೋ ಕೈ. ಅಕ್ಕ ಹೇಳಿದ್ದು ಆ ಕೈ ವಿಷಯ."

ಅಕ್ಕ ಎಂದರೆ ಅವರು ಅಭ್ಯಾಸ ಮಾಡುತ್ತಿದ್ದ ಆ ಹಳೆಯ ಗೋದಾಮಿನ ಒಡತಿ. ಹರೆಯದಲ್ಲಿ ದೊಡ್ಡ ಸರ್ಕಸ್ಸೊಂದರಲ್ಲಿ ತಂತಿಯ ಮೇಲೆ ನಡೆದವಳು. ಈಗ ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯವರು, ಏನೂ ತೊಂದರೆ ಇಲ್ಲದವರು, ಎಲ್ಲ ಹುಡುಗ ಹುಡುಗಿಯರನ್ನೂ ಒಂದೇ ಚಾಪೆಯ ಮೇಲೆ ಉರುಳಿಸಿ ಸರ್ಕಸ್ ಕಲಿಸುತ್ತಿದ್ದಳು. ಉಯ್ಯಾಲೆಯಿಂದ ತಲೆಕೆಳಗಾಗಿ ಜೋತುಬಿದ್ದು, ಉಳಿದವರನ್ನು ಹಿಡಿಯುವುದು ಈ ಹುಡುಗನ ಕೆಲಸ. ಅದಕ್ಕೇ ಎಲ್ಲರೂ ಅವನನ್ನು ಬಾವಲಿ ಎನ್ನುತ್ತಿದ್ದರು.

ನಮ್ಮ ಹುಡುಗಿ ಅಲುಗಾಡಲಿಲ್ಲ. ಬಾವಲಿ ಒಂದು ಪಲ್ಟಿ ಹೊಡೆದು ಕೆಳಗಿಳಿದ. ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕೇಳದೆ ಮಾಡದೆ ಅವಳ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಆ ಮುಷ್ಟಿಯನ್ನು ಕೈಗೆತ್ತಿಕೊಂಡ.

ಹುಟ್ಟುವಾಗ ಉಸಿರು ಸಾಲದೆ ಮಿದುಳಿಗೆ ಬಿದ್ದ ಪೆಟ್ಟಿನಿಂದ ಬಿಗಿದುಕೊಂಡ ಮುಷ್ಟಿ ಅದು. ಇಪ್ಪತ್ತನಾಲ್ಕು ವರ್ಷಗಳಿಂದ ತಾನಾಗಿ ಬಿಚ್ಚಿಲ್ಲ. ಅವನು ಒಂದೊಂದೇ ಬೆರಳು ಬಿಡಿಸಿದ. ಕಿರುಬೆರಳು... ಉಂಗುರದ ಬೆರಳು... ನಡುಬೆರಳು...

ವಾಸನೆ ಮೇಲೆದ್ದಿತು.

ಅವಳಿಗೆ ಗೊತ್ತಿದ್ದ ವಾಸನೆ. ಗಾಳಿಯಾಡದ ಅಂಗೈ ಬೆವರಿ, ನೆನೆದು, ಒದ್ದೆ ಬಟ್ಟೆಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟ ಹಾಗೆ ಮುಗ್ಗಲು ನಾರುತ್ತಿತ್ತು. ಅಂಗೈ ಭಗ್ ಎಂದು ಉರಿಯಿತು. ಅವಮಾನಕ್ಕೆ ಹೀಗೂ ಉರಿಯುತ್ತದೆಯೇ ಎಂದುಕೊಂಡಳು.

ಅವನು ಅಂಗೈಯನ್ನೇ ನೋಡಿದ. ಹುಬ್ಬು ಗಂಟಿಕ್ಕಿತು. ತಟ್ಟನೆ ಕೈ ಬಿಟ್ಟ.

ಬಿಟ್ಟವನು ತನ್ನ ಎರಡೂ ಕೈಗಳನ್ನು ಕಪ್ಪು ಪ್ಯಾಂಟಿಗೆ ಉಜ್ಜಿ ಉಜ್ಜಿ ಒರೆಸಿಕೊಂಡ!

"ಇವತ್ತಿಗೆ ಸಾಕು. ನಾಳೆ ಬನ್ನಿ."

ಅವಳು ಅವನ ಮುಖ ನೋಡಲಿಲ್ಲ. ಪ್ಯಾಂಟಿನ ಮೇಲೆ ಬಿದ್ದ ಹತ್ತು ಬೆರಳುಗಳ ಬಿಳಿ ಗುರುತನ್ನೇ ನೋಡುತ್ತಾ ನಿಂತಳು. 'ಥೂ...' ಎಂದಿತು ಮನಸ್ಸು. ಯಾರಿಗೆಂದು ಅದಕ್ಕೇ ಗೊತ್ತಿರಲಿಲ್ಲ.

*

ಒರೆಸಿಕೊಂಡವರಲ್ಲಿ ಅವನು ಮೊದಲಿಗನೇನಲ್ಲ ಬಿಡಿ.

ಶಾಲೆಯಲ್ಲಿ ಕೈ ಕೈ ಹಿಡಿದು ಸುತ್ತು ನಿಲ್ಲುವ ಆಟ ಬಂದರೆ, ಪಕ್ಕದ ಹುಡುಗಿ ಅವಳ ಅಂಗಿಯ ತುದಿ ಹಿಡಿಯುತ್ತಿದ್ದಳು, ಆಮೇಲೆ ಆ ಬೆರಳನ್ನೂ ಲಂಗಕ್ಕೆ ಒರೆಸುತ್ತಿದ್ದಳು. ಫೋಟೊ ತೆಗೆಯುವಾಗ ಹೆತ್ತ ಅಮ್ಮನೇ "ಸ್ವಲ್ಪ ಹಿಂದಕ್ಕಿಟ್ಕೋ ಪುಟ್ಟಾ" ಎನ್ನುತ್ತಿದ್ದಳು. ಈಗ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಅವಳಿಗೆ ಕೊಟ್ಟಿದ್ದು ಫೋನ್ ಎತ್ತುವ ಕೆಲಸ. ದನಿ ಜೇನಿನಂತಿದೆ ಎಂದು ಹೊಗಳಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಕುರ್ಚಿ ಹಾಕಿದ್ದರು.

ಹಾಗಿದ್ದ ಮೇಲೆ ಆ ಹಾಳು ಗೋದಾಮಿಗೆ ಮರುದಿನ ಮತ್ತೆ ಹೋದದ್ದೇಕೆ?

ಅಕ್ಕ ಹೇಳಿದ ಒಂದು ಮಾತಿಗೆ.

"ನಿನ್ನ ಮುಷ್ಟಿ ನೋಡಿದೆ ಕಣೇ. ಹಿಡಿದ್ರೆ ಬಿಡಲ್ಲ ಅದು. ನನ್ನ ಜೀವಮಾನದಲ್ಲಿ ಅಂಥ ಹಿಡಿತಕ್ಕೋಸ್ಕರ ನಾನು ಎಷ್ಟು ಒದ್ದಾಡಿದೀನಿ ಗೊತ್ತಾ? ಎರಡು ವಾರ ಬಿಟ್ಟು ಭಾನುವಾರ ಪ್ರದರ್ಶನ. ಬಾವಲಿ ಕೈಗೆ ಆ ಒಂದು ಕೈಯಲ್ಲಿ ಜೋತುಬಿದ್ದು ನೀನು ಬುಗುರಿ ಥರ ತಿರುಗ್ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಆ ಆಟಾನೇ ತೆಗೆದುಹಾಕ್ತೀನಿ. ಬೇರೆಯವರಿಂದ ಅದು ಆಗಲ್ಲ."

ಬೇರೆಯವರಿಂದ ಆಗಲ್ಲ! ಆ ಕೈಯ ಬಗ್ಗೆ ಇಂಥ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಭಾನುವಾರ ಆ ಕೈ ನೂರಾರು ಜನರ ಮುಂದೆ ಬರುತ್ತದೋ, ಸಾಯುವವರೆಗೂ ತೋಳಿನೊಳಗೇ ಕೊಳೆಯುತ್ತದೋ... ಎರಡರಲ್ಲಿ ಒಂದು ತೀರ್ಮಾನವಾಗಬೇಕಿತ್ತು.

ಹೋದಳು. ದಿನಾ ಸಂಜೆ ಐದೂವರೆಗೆ ಹೋದಳು.

ಆ ಜಾಗವೂ ಏನು ಮಹಾ! ಚಾಪೆಗಳು ನೂರು ಜನರ ಬೆವರು ಕುಡಿದು ಹುಳಿ ನಾತ ಹೊಡೆಯುತ್ತಿದ್ದವು. ಮೂಲೆಯಲ್ಲಿ ಒದ್ದೆ ಕಾಲುಚೀಲಗಳ ರಾಶಿ. ಕೈ ತೊಳೆಯುವ ನಲ್ಲಿಯ ಕೆಳಗೆ ಪಾಚಿ. ಅದನ್ನೆಲ್ಲ ಅವಳು ಸಹಿಸಿಕೊಂಡಳು. ಸಹಿಸಲಾಗದ್ದು ಒಂದೇ, ಅವನು ಕೈ ಒರೆಸಿಕೊಳ್ಳುವುದು!

ಅವಳನ್ನು ಹಿಡಿದು ಬಿಟ್ಟ ಕೂಡಲೇ ಪ್ಯಾಂಟಿಗೆ ಸರಕ್, ಸರಕ್. ಪ್ರತಿ ಸಲ. ಅವಳು ಮೂರು ದಿನ ಕದ್ದು ನೋಡಿದಳು. ಗಾಲಿಕುರ್ಚಿಯವನನ್ನು ಹಿಡಿದಾಗ ಒರೆಸಲಿಲ್ಲ. ಗೆಜ್ಜೆಯನ್ನು ಹಿಡಿದಾಗಲೂ ಇಲ್ಲ. ಗೆಜ್ಜೆ ಎಂದರೆ ಅವಳ ಗೆಳತಿ. ಕಣ್ಣು ಕಾಣದು. ಗೆಜ್ಜೆ ತುಂಬಿದ ಚೆಂಡುಗಳನ್ನು ಸದ್ದಿನ ಮೇಲೇ ಎಸೆದು ಹಿಡಿಯುವುದರಿಂದ ಆ ಹೆಸರು. ಇವಳನ್ನು ಇಲ್ಲಿಗೆ ಎಳೆದು ತಂದವಳೂ ಅವಳೇ.

'ನನಗೆ ಮಾತ್ರ... ನನ್ನೊಬ್ಬಳಿಗೆ ಮಾತ್ರ!'

ಅದಕ್ಕಿಂತ ಅಸಹ್ಯವಾದದ್ದು ಇನ್ನೊಂದಿತ್ತು. ನಾಲ್ಕೂವರೆಯಾದರೆ ಸಾಕು, ಫೋನಿನಲ್ಲಿ "ನಮಸ್ಕಾರ, ಹೇಳಿ" ಎನ್ನುತ್ತಲೇ ಅವಳ ಕಣ್ಣು ಗಡಿಯಾರಕ್ಕೆ ಅಂಟಿಕೊಳ್ಳುತ್ತಿತ್ತು. ಅವನ ಬೆರಳುಗಳು ತನ್ನ ಬೆರಳುಗಳನ್ನು ಬಿಡಿಸುವ ಆ ಅರ್ಧ ನಿಮಿಷಕ್ಕಾಗಿ ಇಡೀ ದಿನ ಕಾಯುತ್ತಿದ್ದಳು!

'ಒರೆಸಿಕೊಳ್ಳುವವನ ಕೈಗೆ ಬಾಯಿ ಬಿಡ್ತೀಯಲ್ಲೇ... ಮಾನ ಇಲ್ವಾ ನಿಂಗೆ?' ಕನ್ನಡಿಯ ಮುಂದೆ ನಿಂತು ತನ್ನನ್ನೇ ಬೈದುಕೊಂಡಳು. ಅವನ ಮೇಲಿನ ಹೇಸಿಗೆಗಿಂತ ತನ್ನ ಮೇಲಿನ ಹೇಸಿಗೆಯೇ ಹೆಚ್ಚಾಗಿತ್ತು.

*

ಪ್ರದರ್ಶನಕ್ಕೆ ಮೂರು ದಿನವಿದ್ದಾಗ ಮುಖ್ಯ ಅತಿಥಿ ಗೋದಾಮು ನೋಡಲು ಬಂದರು. ಜೊತೆಗೆ ಕ್ಯಾಮೆರಾದವನು. ಬಾಗಿಲಲ್ಲೇ ಮೂಗಿಗೆ ಕರವಸ್ತ್ರ ಬಂತು.

"ಅಯ್ಯೋ ಪಾಪ... ಎಂಥಾ ಮುದ್ದಾದ ಮಕ್ಕಳು! ದೇವರ ಮಕ್ಕಳು!"

ಇಪ್ಪತ್ತನಾಲ್ಕರ ಹೆಂಗಸಿನ ಕೆನ್ನೆ ತಟ್ಟಿ ಹೇಳಿದ ಮಾತಿದು! ಗೆಜ್ಜೆ ಮೆಲ್ಲಗೆ, "ದೇವರು ಮಕ್ಕಳನ್ನ ಇಲ್ಲಿ ಬಿಟ್ಟು ಎಲ್ಲಿಗೆ ಹೋಗಿದಾನಂತೆ ಕೇಳೇ" ಎಂದು ಅವಳ ಪಕ್ಕೆ ತಿವಿದಳು.

"ಒಂದು ಫೋಟೊ ಆಗಲಿ. ಆ ಕೈ, ಆ ಸೊಟ್ಟಗಿರೋದು... ಅದನ್ನ ಕೊಡಮ್ಮಾ."

ಅತಿಥಿ ಅವಳ ಮುಷ್ಟಿಯನ್ನು ಎರಡು ಕೈಗಳಲ್ಲಿ ಹಿಡಿದು, ಕಣ್ಣಂಚಿನಲ್ಲಿ ನೀರು ತಂದುಕೊಂಡರು. ಕ್ಯಾಮೆರಾ ಕ್ಲಿಕ್ ಎಂದಿತು. ಮರುಕ್ಷಣವೇ ಕೈ ಬಿಟ್ಟು, ಚೀಲದಿಂದ ಸ್ಯಾನಿಟೈಸರ್ ತೆಗೆದು ಮೊಣಕೈವರೆಗೂ ಉಜ್ಜಿಕೊಂಡರು. ಕಣ್ಣಿನ ನೀರು ಇನ್ನೂ ಆರಿರಲಿಲ್ಲ.

ಅವಳು ಮುಷ್ಟಿಯನ್ನು ತೋಳಿನೊಳಗೆ ಎಳೆದುಕೊಂಡಳು. ಅತಿಥಿ ಅತ್ತ ಹೋದರು. ಅಕ್ಕ ಚಪ್ಪಾಳೆ ತಟ್ಟಿ ಅಭ್ಯಾಸ ಶುರುಮಾಡಿಸಿದಳು. ಬಾವಲಿ ಬಂದ, ಬೆರಳು ಬಿಡಿಸಿದ, ಒಂದು ಸುತ್ತು ತಿರುಗಿಸಿ ಇಳಿಸಿದ. ಆಮೇಲೆ ಪ್ಯಾಂಟಿಗೆ ಕೈ ಹೋಯಿತು. ಸರಕ್, ಸರಕ್.

"ಇವತ್ತೂನಾ?" ಅವಳ ಜೇನಿನ ದನಿ ಗರಗಸವಾಯಿತು. "ಅವರಾದ್ರೂ ಅಳೋ ನಾಟಕ ಮಾಡಿ ಒರೆಸ್ಕೊಂಡ್ರು. ನಿಮಗೆ ಅಷ್ಟೂ ಇಲ್ಲ!"

"ನಾನು... ಏನ್ ಮಾಡ್ದೆ?"

"ಏನೂ ಮಾಡಿಲ್ಲ. ಹೋಗಿ, ಸೋಪು ಹಾಕಿ ತೊಳ್ಕೊಳ್ಳಿ! ನನ್ನ ಕೊಳಕು ನಿಮಗೆ ಅಂಟೋದು ಬೇಡ! ನಾನಿನ್ನು ಬರಲ್ಲ!"

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

*

ಶನಿವಾರ ಗೆಜ್ಜೆ ಅವಳ ಮನೆಗೆ ಬಂದಳು. ಕೋಲನ್ನು ಬಾಗಿಲಿಗೆ ಒರಗಿಸಿದವಳೇ ಶುರುಮಾಡಿದಳು.

"ಕಣ್ಣಿರೋದು ನಿಂಗೆ, ಕಾಣೋದು ನಂಗೆ. ಎಂಥ ದಡ್ಡಿನೇ ನೀನು!"

"ಅವನ ಪರ ಮಾತಾಡೋಕೆ ಬಂದ್ಯಾ?"

"ನಿನ್ನ ಸರದಿಗೆ ಮುಂಚೆ ದಿನಾ ನಲ್ಲಿ ಸದ್ದಾಗುತ್ತೆ. ಕೇಳಿಲ್ವಾ?"

"ಯಾವ ನಲ್ಲಿ?"

"ಹಿತ್ತಲಲ್ಲಿರೋದು. ಎಲ್ಲರನ್ನೂ ಹಿಡಿಯೋಕೆ ಅವನು ಕೈಗೆ ಬಿಳಿ ಪುಡಿ ಹಚ್ಕೊತಾನೆ, ಜಾರಬಾರ್ದು ಅಂತ. ನಿನ್ನ ಸರದಿ ಬಂದಾಗ ಮಾತ್ರ ಹೋಗಿ ಅದನ್ನ ಪೂರ್ತಿ ತೊಳ್ಕೊಂಡು ಬರ್ತಾನೆ. ಮಂಗಳವಾರ ಅಕ್ಕನ ಹತ್ರ ಬೈಸ್ಕೊಂಡ. ಪುಡಿ ಇಲ್ದೆ ಹಿಡೀತೀಯಲ್ಲ, ಜಾರಿದ್ರೆ ಏನ್ ಗತಿ ಅಂತ. ಏನಂದ ಗೊತ್ತಾ? ಅವರ ಅಂಗೈ ಒಳಗೆಲ್ಲ ಸೀಳು ಬಿಟ್ಟಿದೆ ಅಕ್ಕಾ, ಪುಡಿ ತಾಗಿದ್ರೆ ಪ್ರಾಣ ಹೋಗೋ ಹಾಗೆ ಉರಿಯುತ್ತೆ, ಮೊದಲ ದಿನ ತಿಳೀದೆ ತಾಗಿಸ್ಬಿಟ್ಟೆ, ಅಂದ."

ಅವಳು ಹಾಸಿಗೆಯ ಮೇಲೆ ಕೂತಳು. ಮೊದಲ ದಿನದ ಆ ಉರಿ... ಕಪ್ಪು ಪ್ಯಾಂಟಿನ ಮೇಲೆ ಹತ್ತು ಬಿಳಿ ಬೆರಳು... ಅವನು ಒರೆಸಿಕೊಂಡದ್ದು ಅವಳನ್ನಲ್ಲ. ಪುಡಿಯನ್ನು!

"ಮತ್ತೆ... ನನ್ನ ಬಿಟ್ಟ ಮೇಲೂ ಒರೆಸ್ಕೊಳ್ತಿದ್ನಲ್ಲ?"

"ಪುಡಿ ಇಲ್ದೆ ಹಿಡಿದ್ರೆ ಅವನ ಕೈ ಬೆವರುತ್ತೆ, ಒದ್ದೆ ಕೈಗೆ ಪುಡಿ ಹಚ್ಚಿದ್ರೆ ಅಂಟಾಗುತ್ತೆ. ನೀನಾದ್ಮೇಲೆ ಸರದಿ ಯಾರದು? ನಂದು ತಾಯೀ! ಅವನು ಒರೆಸ್ಕೊಳ್ದೆ ಇದ್ದಿದ್ರೆ ನಾನು ಜಾರಿ ಹಲ್ಲು ಉದುರಿಸ್ಕೊಂಡು ನಿಂತಿರ್ತಿದ್ದೆ!"

ಅವಳಿಗೆ ನಗು ಬರಲಿಲ್ಲ. ಎಡ ಮುಷ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಲಗೈಯಿಂದ ಕಿರುಬೆರಳನ್ನು ಬಿಡಿಸಲು ಹೋದಳು. ಸ್ನಾನದ ಮನೆಯಲ್ಲಿ, ಅದೂ ಕಣ್ಣು ಮುಚ್ಚಿ, ಗಡಿಬಿಡಿಯಲ್ಲಿ ತೊಳೆಯುತ್ತಿದ್ದವಳು. ಇವತ್ತು ಕಣ್ಣು ಬಿಟ್ಟೇ ನೋಡಿದಳು. ಬೆಳ್ಳಗೆ ನೆನೆದ ಚರ್ಮ, ಕೆಂಪು ಸೀಳುಗಳು, ಅದೇ ವಾಸನೆ. ನೋಡಲು ಅಸಹ್ಯವಾಗಿಯೇ ಇತ್ತು. ಆದರೂ ನೋಡಿದಳು.

*

ಭಾನುವಾರ ಮಧ್ಯಾಹ್ನ ಗೋದಾಮಿನ ತುಂಬ ಜನ. ಅವಳು ಹಿತ್ತಲ ಬಾಗಿಲಿನಿಂದ ಬಂದಳು.

ನಲ್ಲಿಯ ಹತ್ತಿರ ಬಾವಲಿ ಬೆನ್ನು ಹಾಕಿ ನಿಂತಿದ್ದ. ಸೋಪು ಹಾಕಿ, ಉಗುರು ಸಂದಿ ಸಮೇತ ಕೈ ತೊಳೆಯುತ್ತಿದ್ದ.

"ಯಾರಿಗೋಸ್ಕರ ತೊಳೀತಿದೀರಿ? ನಾನು ಬರಲ್ಲ ಅಂತ ಹೇಳಿ ಹೋಗಿದ್ನಲ್ಲ."

ಅವನು ಬೆಚ್ಚಿ ತಿರುಗಿದ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈ ಸಲ ಒರೆಸಿಕೊಳ್ಳಲು ಧೈರ್ಯ ಬರಲಿಲ್ಲ ಪಾಪ, ಎರಡೂ ಕೈ ಹಾಗೇ ಎತ್ತಿ ಹಿಡಿದು ನಿಂತ.

"ಅಕಸ್ಮಾತ್... ಬಂದ್ರೆ ಅಂತ."

ಅವಳು ಎರಡು ಹೆಜ್ಜೆ ಹತ್ತಿರ ಬಂದಳು.

"ಹೇಳ್ಬಾರ್ದಿತ್ತಾ ನನಗೆ?"

"ಹೇಗೆ ಹೇಳ್ಲಿ? ನಿಮ್ಮ ಅಂಗೈಲಿ ಹುಣ್ಣಿದೆ ಅಂದ್ರೆ ನೀವು ಮತ್ತೆ ಕೈ ಒಳಗಿಟ್ಕೊಳ್ತಿದ್ರಿ."

ನಿಜ. ಇಟ್ಟುಕೊಳ್ಳುತ್ತಿದ್ದಳು. ಅವಳು ನೆಲ ನೋಡುತ್ತಾ ಕೇಳಿದಳು, "ಒಂದು ಮಾತು. ಸುಳ್ಳು ಹೇಳ್ಬೇಡಿ. ಅದು ವಾಸನೆ ಬರಲ್ವಾ?"

"ಬರುತ್ತೆ."

ಅವಳು ತಲೆಯೆತ್ತಿದಳು.

"ಚೆನ್ನಾಗೇ ಬರುತ್ತೆ," ಎಂದ ಅವನು. "ನನ್ನ ಕಂಕುಳು ಇನ್ನೂ ಗಬ್ಬು. ನೀವು ದಿನಾ ಅದರ ಕೆಳಗೇ ಜೋತಾಡ್ತೀರಿ, ಒಂದು ದಿನಾನೂ ಮೂಗು ಮುಚ್ಚಿಲ್ಲ. ನಾನು ಯಾಕೆ ಮುಚ್ಲಿ?"

ಅವಳಿಗೆ ಅಳು ನಗು ಎರಡೂ ಒಟ್ಟಿಗೇ ಬಂದವು. 'ಇಲ್ಲಪ್ಪಾ, ಹೂವಿನ ಹಾಗಿದೆ' ಎಂದಿದ್ದರೆ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದಳು.

"ಪುಡಿ ಹಚ್ಕೊಳ್ಳಿ," ಎಂದಳು ಕಣ್ಣೊರೆಸಿಕೊಂಡು. "ಅಂಗೈಗೆ. ಮಣಿಕಟ್ಟಿಗೆ ಬೇಡ. ನೀವು ನನ್ನ ಮಣಿಕಟ್ಟು ಹಿಡೀರಿ, ನಾನು ನಿಮ್ಮದು ಹಿಡೀತೀನಿ. ಪುಡಿ ನನ್ನ ಅಂಗೈಗೆ ಬರಲ್ಲ, ನೀವೂ ಜಾರಲ್ಲ."

"ಮತ್ತೆ ಬೆರಳು ಬಿಡಿಸೋರು ಯಾರು? ಪುಡಿ ಕೈಲಿ ನಾನು ಮುಟ್ಟೋ ಹಾಗಿಲ್ಲ."

"ನಾನೇ."

*

ಅವಳ ಹೆಸರು ಕೂಗಿದರು. ತೋಳಿಲ್ಲದ ಅಂಗಿ ತೊಟ್ಟು ನಡುವೆ ಬಂದು ನಿಂತಳು. ಮುಂದಿನ ಸಾಲಿನಲ್ಲಿ ಅಮ್ಮ. ಅಮ್ಮನ ಪಕ್ಕದಲ್ಲಿ ಮುಖ್ಯ ಅತಿಥಿ, ಕರವಸ್ತ್ರ ಆಗಲೇ ಕಣ್ಣಿನ ಹತ್ತಿರ ಸಿದ್ಧವಾಗಿತ್ತು. ಮೇಲೆ ಬಾವಲಿ ಜೋತುಬಿದ್ದ.

ಅವಳು ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಎದೆಯ ಮುಂದೆ ಹಿಡಿದಳು. ಬಲಗೈಯಿಂದ ಕಿರುಬೆರಳು ಬಿಡಿಸಿದಳು. ಅದು ಮತ್ತೆ ಮಡಚಿಕೊಂಡಿತು. ಮತ್ತೆ ಬಿಡಿಸಿದಳು. ಅರ್ಧ ನಿಮಿಷವಾಯಿತು. ಒಂದು ನಿಮಿಷವಾಯಿತು. ಯಾರೋ ಕೆಮ್ಮಿದರು. "ಯಾರಾದ್ರೂ ಸಹಾಯ ಮಾಡ್ರಪ್ಪಾ" ಎಂದರು ಅತಿಥಿ.

"ಸುಮ್ನಿರಿ. ಅವಳು ಮಾಡ್ಕೊಳ್ತಾಳೆ," ಎಂದ ದನಿ ಅಮ್ಮನದು!

ಬಾವಲಿಯ ಮುಖಕ್ಕೆ ರಕ್ತ ಇಳಿದು ಕೆಂಪಾಗಿತ್ತು. ಆದರೂ ಬೇಗ ಎನ್ನಲಿಲ್ಲ. ಕೈ ಚಾಚಿ ಕಾಯುತ್ತಲೇ ಇದ್ದ.

ಐದೂ ಬೆರಳು ಬಿಚ್ಚಿದವು. ಅವಳು ಜಿಗಿದಳು. ಅವನ ಮಣಿಕಟ್ಟು ಸಿಕ್ಕಿತು, ಮುಷ್ಟಿ ಬಿಗಿದುಕೊಂಡಿತು.

ಕಾಲು ನೆಲ ಬಿಟ್ಟಿತು! ಒಂದು ಸುತ್ತು, ಎರಡು, ಐದು... ಗೋದಾಮಿನ ಸೂರು, ದೀಪ, ಅತಿಥಿಯ ಬಾಯಿ, ಅಮ್ಮನ ಕಣ್ಣು ಎಲ್ಲ ಒಂದಾಗಿ ತಿರುಗಿದವು. ಆ ಕೊಳಕು, ಸೊಟ್ಟ, ನಾರುವ ಕೈ ಅವಳ ಇಡೀ ಮೈಯನ್ನು ಹೊತ್ತಿತ್ತು. ಜನ ಎದ್ದು ನಿಂತು ಕೂಗಿದರು. ಅತಿಥಿಯ ಕರವಸ್ತ್ರ ಕಣ್ಣಿಗೂ ಹೋಗದೆ ಮೂಗಿಗೂ ಹೋಗದೆ ನೆಲಕ್ಕೆ ಬಿದ್ದಿತ್ತು.

ಅಕ್ಕ ಹಗ್ಗ ಎಳೆದು ಉಯ್ಯಾಲೆಯನ್ನು ಕೆಳಗಿಳಿಸಿದಳು. ಅವನು ಮೆಲ್ಲಗೆ ಅವಳನ್ನು ಚಾಪೆಗಿಳಿಸಿ ತನ್ನ ಹಿಡಿತ ಸಡಿಲಿಸಿದ. ಅವಳ ಮುಷ್ಟಿ ಬಿಡಲಿಲ್ಲ. ಅವಳ ಮುಖದ ಎದುರಿಗೇ ಅವನ ತಲೆಕೆಳಗಾದ ಮುಖ.

"ಬಿಡ್ತೀರಾ?" ಎಂದ ಪಿಸುದನಿಯಲ್ಲಿ. "ರಕ್ತ ಎಲ್ಲ ತಲೆಗಿಳೀತಿದೆ."

"ಹಿಡಿದ್ರೆ ಬಿಡೋಕೆ ಬರಲ್ಲ ಅದಕ್ಕೆ. ಗೊತ್ತಲ್ಲ."

"ಹಾಗಾದ್ರೆ ನಾನು ಇಲ್ಲೇ ಜೋತುಬಿದ್ದಿರ್ತೀನಿ."

"ಎಷ್ಟು ಹೊತ್ತು?"

"ನೀನು ಹೇಳೋವರೆಗೂ."

'ನೀವು' ಹೋಗಿ 'ನೀನು' ಆದದ್ದು ಇಬ್ಬರಿಗೂ ಕೇಳಿಸಿತು. ಅವಳು ಬಲಗೈಯಿಂದ ಅವನ ಹಣೆಯ ಬೆವರನ್ನು ಒರೆಸಿದಳು. ಕೈಯನ್ನು ಬಟ್ಟೆಗೆ ಉಜ್ಜಿಕೊಳ್ಳಲಿಲ್ಲ.

"ನಾಳೆ ಆಸ್ಪತ್ರೆಯಲ್ಲಿ ಐದಕ್ಕೆ ಕೆಲಸ ಮುಗಿಯುತ್ತೆ," ಎಂದಳು. "ಬಂದು ಕರ್ಕೊಂಡು ಹೋಗು. ಈ ಕೈ ಹಿಡ್ಕೊಂಡು."

"ಬರ್ತೀನಿ. ಕೈ ತೊಳ್ಕೊಂಡು ಬರ್ತೀನಿ."