ಬಾರ್ ಮೇಲೆ ಎರಡು ತಟ್ಟು

ನೋಯುತ್ತಿರುವುದು ಅವಳ ಭುಜವೋ, ತನ್ನ ಕಣ್ಣೋ? ರೋಡೆಲ್‌ಗೆ ಗೊತ್ತಾಗಬೇಕಾಗಿದ್ದದ್ದು ಇದೊಂದೇ.

ಗ್ಲೈಸಾ ಈಚೆಗೆ ಎಡಗೈಯೊಂದರಲ್ಲೇ ಕೂದಲು ಸುತ್ತಿ, ರಬ್ಬರನ್ನು ಹಲ್ಲಲ್ಲಿ ಕಚ್ಚಿ ಎಳೆದು ಕಟ್ಟಿಕೊಳ್ಳುತ್ತಿದ್ದಳು. ಬಲಗೈ ತೊಡೆಯ ಮೇಲೆ ಸುಮ್ಮನೆ ಮಲಗಿರುತ್ತಿತ್ತು. ಮೊದಲಾದರೆ ಎರಡೂ ಕೈ ಮೇಲೆತ್ತಿ, ಕನ್ನಡಿಯಲ್ಲಿ ಇವನನ್ನು ನೋಡುತ್ತಾ, ಬೇಕೆಂದೇ ನಿಧಾನ ಮಾಡುತ್ತಿದ್ದಳು. ಇವನು ನೋಡುತ್ತಿದ್ದಾನೆಂದು ಖಾತ್ರಿಯಾದ ಮೇಲೆಯೇ ಕೈ ಇಳಿಸುತ್ತಿದ್ದಳು.

ಅವಳ ಭುಜದಲ್ಲಿ ಏನೋ ಆಗಿದೆ. ಅದು ಅವನಿಗೆ ಕಂಡಿತ್ತು. ಆದರೆ ಕಂಡದ್ದು ಅರ್ವಿನ್ ಜಿಮ್‌ಗೆ ಸೇರಿದ ವಾರವೇ. ಹಾಗಾಗಿ ಕಂಡದ್ದರ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ.

ಅರ್ವಿನ್ ದಾವಾವ್ ನಗರದಿಂದ ವರ್ಗವಾಗಿ ಬಂದವನು. ಎತ್ತರದ ಆಳು, ಬಿಳಿ ಹಲ್ಲು. ಯಾರ ಹೆಸರನ್ನೂ ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳುತ್ತಿದ್ದ. ಅವನು ಹೇಳಿದ ಯಾವುದೋ ಸಾಧಾರಣ ಜೋಕಿಗೆ ಗ್ಲೈಸಾ ತಲೆ ಹಿಂದಕ್ಕೆ ಹಾಕಿ ನಕ್ಕಾಗ ಅವಳ ಕೊರಳ ಬೆವರು ಹೊಳೆಯುತ್ತಿತ್ತು. ಆ ಹೊಳಪು ಅವನಿಗೂ ಕಾಣುತ್ತಿದೆಯಲ್ಲ ಎಂದು ರೋಡೆಲ್‌ಗೆ ಸಂಕಟವಾಗುತ್ತಿತ್ತು.

ಜಿಮ್ ಇದ್ದದ್ದು ಮಂದಾವೆ ಊರಿನಲ್ಲಿ, ಹಳೆಯ ಕುರ್ಚಿ ಮೇಜುಗಳ ಗೋದಾಮಿನಲ್ಲಿ. ನಡೆಸುತ್ತಿದ್ದವರು ಮನಾಂಗ್ ಬೆಬೆತ್; ಮನಾಂಗ್ ಎಂದರೆ ಅಕ್ಕ, ಅವರು ಎಲ್ಲರಿಗೂ ಅಕ್ಕ. ಒಂದು ಕಾಲಕ್ಕೆ ಪ್ರಾಂತ್ಯದ ಪರವಾಗಿ ಭಾರ ಎತ್ತಿದವರು. ಬೆನ್ನ ಮೇಲೆ ಭಾರದ ಬಿಲ್ಲೆ ತೊಡಿಸಿದ ಕಬ್ಬಿಣದ ಬಾರ್ ಇದ್ದಾಗ ಜೊತೆಯವಳು ನಿಲ್ಲಿಸು ಎಂದದ್ದಕ್ಕೆ, ಯಾಕೆ ಎಂದು ಕೇಳಲು ತಿರುಗಿ ಸೊಂಟ ಕಳೆದುಕೊಂಡಿದ್ದರು. ಅದಕ್ಕೇ ಅವರ ಜಿಮ್‌ನಲ್ಲಿ ಎಲ್ಲರೂ ಜೋಡಿ. ಜೋಡಿಯವರು ಬಾರ್‌ನ ತುದಿಯನ್ನು ಎರಡು ಸಲ ತಟ್ಟಿದರೆ, ಎತ್ತುತ್ತಿರುವವರು ಆ ಕ್ಷಣವೇ ಕೈಬಿಡಬೇಕು. ಕಾರಣ ಕೇಳುವಂತಿಲ್ಲ. ಇಬ್ಬರೂ ಒಟ್ಟಿಗೆ ಕೂತು ಉಂಡಾದ ಮೇಲೆ ಮಾತ್ರ ಕೇಳಬಹುದು.

ಮೂರು ವರ್ಷ ಗ್ಲೈಸಾಳ ಬಾರ್ ತಟ್ಟುವ ಹಕ್ಕು ರೋಡೆಲ್‌ನದಾಗಿತ್ತು. ಅವನ ಬೆರಳಿನ ಸದ್ದಿಗೆ ಅವಳ ಕೈ ಎಷ್ಟು ಒಗ್ಗಿತ್ತೆಂದರೆ, ಹೊರಗೆ ಕಾಫಿ ಕುಡಿಯುವಾಗ ಅವನು ಮೇಜು ತಟ್ಟಿದರೂ ಲೋಟ ಕೆಳಗಿಟ್ಟುಬಿಡುತ್ತಿದ್ದಳು. ಆಮೇಲೆ ಇಬ್ಬರೂ ನಗುತ್ತಿದ್ದರು.

ಜೋಡಿ ಸ್ಪರ್ಧೆಗೆ ಹೆಸರು ಕೊಡುವ ದಿನ ಅವನೇ ಮಾತು ತೆಗೆದಿದ್ದ.

"ಈ ಸಲ ಬಿಟ್ಟುಬಿಡೋಣ್ವಾ?"

"ಯಾಕೋ?"

ಭುಜದ ಕಾರಣ ಹೇಳಿದರೆ, ಅರ್ವಿನ್‌ನನ್ನು ಕಂಡು ಹೊಟ್ಟೆ ಉರಿದು ನೆಪ ಹುಡುಕುತ್ತಿದ್ದಾನೆ ಅಂದುಕೊಂಡಾಳು. ಅಂದುಕೊಂಡರೆ ತಪ್ಪೇನು, ಅದು ನಿಜವೂ ಇರಬಹುದಲ್ಲ?

"ಸುಮ್ನೆ," ಎಂದ.

"ಸುಮ್ನೆ ಮನೇಲಿ ಕೂರೋಕೆ ನಾನೇನು ನಿನ್ನಜ್ಜೀನಾ?"

ಅವಳ ತುಟಿ ನಕ್ಕಿತ್ತು, ಕಣ್ಣು ನಕ್ಕಿರಲಿಲ್ಲ. ನೀರಿನ ಬಾಟಲಿ ತುಂಬುವವರೆಗೂ ಅವನ ಉತ್ತರಕ್ಕೆ ಕಾದಳು. ಬಾಟಲಿ ತುಂಬಿ ಚೆಲ್ಲಿತು. "ಸರಿ ಬಿಡು. ಜೋಡಿ ಆಗೋಣ ಅಂತ ಅರ್ವಿನ್ ಕೇಳ್ತಾನೇ ಇದ್ದಾನೆ," ಎಂದು ಮುಚ್ಚಳ ತಿರುಗಿಸಿ ಹೋದಳು. ಎಡಗೈಯಲ್ಲಿ ತಿರುಗಿಸಿದ್ದನ್ನೂ ಅವನು ನೋಡಿದ್ದ.

ಮರುದಿನದಿಂದ ಅರ್ವಿನ್ ಅವಳ ಅಂಗೈಗೆ ಪಟ್ಟಿ ಸುತ್ತತೊಡಗಿದ. ಹೆಬ್ಬೆರಳಿನ ಬುಡದಿಂದ ಶುರು ಮಾಡಬೇಕು, ಅವನು ಮಣಿಕಟ್ಟಿನಿಂದ ಮಾಡುತ್ತಿದ್ದ. ಈಗ ಹೇಳುತ್ತಾಳೆ, ಹಾಗಲ್ಲ ಅಂತ ಈಗ ಹೇಳುತ್ತಾಳೆ ಎಂದು ರೋಡೆಲ್ ಬಾರ್‌ನ ಬಿಲ್ಲೆಯೊಂದನ್ನು ಒರೆಸುತ್ತಾ ದೂರದಿಂದ ಕಾದ. ಅವಳು ಕೈ ಹಿಂದೆಳೆಯಲಿಲ್ಲ. ಅಂಗೈ ಒಡ್ಡಿ ಕೂತೇ ಇದ್ದಳು.

ಮನಾಂಗ್ ಬಂದು ಪಕ್ಕದಲ್ಲಿ ನಿಂತರು. "ಆ ಬಿಲ್ಲೆ ಒರೆಸಿ ಒರೆಸಿ ಸವೆಸಿಬಿಡ್ತೀಯೇನೋ."

"ಮನಾಂಗ್, ಗ್ಲೈಸಾ ಭುಜ ಸರಿ ಇದೆ ಅನ್ಸುತ್ತಾ ನಿಮಗೆ?"

"ಕೇಳಿದೆ. ಏನೂ ಇಲ್ಲ ಅಂದ್ಲು, ಕೈ ತಿರುಗಿಸಿ ತೋರಿಸಿದ್ಲು." ಅವರು ಅವನ ನೋಟದ ಜಾಡು ಹಿಡಿದು ಅತ್ತ ನೋಡಿದರು. ಪಟ್ಟಿ ಸುತ್ತಿ ಮುಗಿಸಿದ ಅರ್ವಿನ್‌ನ ಕೈ ಈಗ ಅವಳ ಭುಜದ ಮೇಲಿತ್ತು. "ನೀನು ಭುಜ ನೋಡ್ತಿದ್ದೀಯೋ, ಭುಜದ ಮೇಲಿರೋ ಕೈ ನೋಡ್ತಿದ್ದೀಯೋ?"

ಅದಾದ ಮೇಲೆ ಅವನು ಭುಜದ ಮಾತು ಯಾರ ಮುಂದೆಯೂ ಎತ್ತಲಿಲ್ಲ.

ಸ್ಪರ್ಧೆ ನಡೆದದ್ದು ಬಡಾವಣೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ, ತಗಡಿನ ಚಾವಣಿಯ ಕೆಳಗೆ. ಎತ್ತಿದ್ದನ್ನು ಎಣಿಸುವ ಜಡ್ಜ್‌ಗಳು ಸಾಲದೆ, ಒಂದೊಂದು ಜಿಮ್‌ನಿಂದಲೂ ಕೆಲವರನ್ನು ಕರೆದಿದ್ದರು. ರೋಡೆಲ್ ಹೋದ. ಅವನ ಪಾಲಿಗೆ ಬಂದದ್ದು ಆಚೆ ತುದಿಯ ಜೋಡಿಯ ಲೇನ್. ಇನ್ನೊಬ್ಬ ಜಡ್ಜ್‌ನನ್ನು ಕೇಳಿ ಅವಳ ಲೇನ್‌ಗೆ ಬದಲಾಯಿಸಿಕೊಂಡ. ಆಟಗಾರರು ಅಪಾಯದಲ್ಲಿದ್ದರೆ ಮಾತ್ರ ಜಡ್ಜ್ ಬಾರ್ ಮುಟ್ಟಬಹುದು, ಮುಟ್ಟಿದರೆ ಆ ಜೋಡಿಯ ಆಟ ಅಲ್ಲಿಗೇ ಮುಗಿಯಿತು ಎಂದು ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದರು.

ಅವನನ್ನು ಕಂಡು ಗ್ಲೈಸಾ ಹುಬ್ಬು ಏರಿಸಿದಳು. "ಸರಿಯಾಗಿ ಎಣಿಸಪ್ಪ ಜಡ್ಜು. ಕೋಪ ಇದ್ರೆ ಆಮೇಲೆ ತೀರಿಸ್ಕೋ."

ಆಟ ಸರಳ. ಒಬ್ಬರು ಬಾರನ್ನು ಭುಜದಿಂದ ತಲೆಯ ಮೇಲಕ್ಕೆ ಎತ್ತುವುದು, ದಣಿದಾಗ ಇನ್ನೊಬ್ಬರಿಗೆ ಬಿಡುವುದು. ಗ್ಲೈಸಾ ಎತ್ತಿದಳು, ಅರ್ವಿನ್ ಎತ್ತಿದ, ಮತ್ತೆ ಗ್ಲೈಸಾ. ಪಕ್ಕದ ಲೇನ್‌ನವರಿಗಿಂತ ಇವರು ಮುಂದಿದ್ದರು. ಜನ ಬಾಟಲಿ ಬಡಿಯುತ್ತಿದ್ದರು. ಬಾರ್ ಅವಳ ಭುಜದ ಮೇಲೆ ಕೂತಿತ್ತು, ಅವಳು ಉಸಿರು ಎಳೆದುಕೊಳ್ಳುತ್ತಿದ್ದಳು.

ಆಗ ಅರ್ವಿನ್ ಅವಳ ಹತ್ತಿರ ಸರಿದ. ಒದ್ದೆ ಬೆನ್ನಿನ ಮೇಲೆ, ಸೊಂಟಕ್ಕಿಂತ ತುಸು ಮೇಲೆ, ಅಂಗೈ ಇಟ್ಟ. "ಇನ್ನೊಂದು, ನನಗೋಸ್ಕರ," ಎಂದು ಅವಳ ಕಿವಿಯ ಬಳಿ ಹೇಳಿದ.

ರೋಡೆಲ್ ಕೈ ಚಾಚಿ ಬಾರ್‌ನ ತುದಿಯನ್ನು ಎರಡು ಸಲ ತಟ್ಟಿದ.

ಅವಳ ಕೈ ಬಿಟ್ಟಿತು. ಯೋಚಿಸಲಿಲ್ಲ, ತಿರುಗಿ ನೋಡಲಿಲ್ಲ. ಬಾರ್ ರಬ್ಬರ್ ಹಾಸಿನ ಮೇಲೆ ಬಿದ್ದು ಪುಟಿಯಿತು. ಅರ್ವಿನ್ ಕೂಗಾಡಿದ. ಗೆಲ್ಲೋ ಆಟ ಹಾಳು ಮಾಡಿದ, ಇವನಿಗೆ ಹೊಟ್ಟೆಕಿಚ್ಚು ಅಂತ ಎಲ್ಲರಿಗೂ ಗೊತ್ತು ಎಂದ. ಸಂಘಟಕರು ಬಂದು ಲೇನ್‌ಗೆ ಅಡ್ಡ ಹಗ್ಗ ಕಟ್ಟಿದರು. ಅರ್ವಿನ್ ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ರೋಡೆಲ್‌ಗೆ ಸಿಕ್ಕಲಿಲ್ಲ.

ಗ್ಲೈಸಾಳ ಮುಖ ಬಿಳಿಚಿತ್ತು. ಅವಳು ಅರ್ವಿನ್ ಕಡೆ ನೋಡಲಿಲ್ಲ. ಇವನೆದುರು ಬಂದು ನಿಂತಳು.

"ನಡಿ. ಊಟ ಮಾಡೋಣ."

ಅಂಗಳದ ಹಿಂದೆ, ಪುಟ್ಟ ಚರ್ಚಿನ ಗೋಡೆಗೆ ಆತು ಒಂದು ಹೋಟೆಲಿತ್ತು. ತೆಂಗಿನ ಗರಿಯ ಗೂಡಿನಲ್ಲಿ ಬೇಯಿಸಿದ ಅನ್ನ ಗೊಂಚಲಾಗಿ ತೂಗುತ್ತಿತ್ತು, ಕೆಂಡದ ಮೇಲೆ ಹಂದಿಮಾಂಸ ಸುಡುತ್ತಿತ್ತು. ದುಡಿದು ಕಾದ ಕೈಗೆ ನೀರು ಸೋಕಿಸಿದರೆ ನಡುಕ ಹಿಡಿಯುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಅದಕ್ಕೆ ಅವಳು ಕೈ ತೊಳೆಯಲಿಲ್ಲ, ಕೈಗೆ ತೊಟ್ಟು ಉಣ್ಣಲೆಂದು ಕೊಡುವ ಪ್ಲಾಸ್ಟಿಕ್ ಚೀಲ ಎತ್ತಿಕೊಂಡಳು. ಎಡಗೈಯಿಂದ ಬಲಗೈಗೆ ತೊಡಿಸಲು ಹೋಗಿ ಸೋತಳು. ಅವನು ಕೇಳದೆಯೇ ಚೀಲ ಬಿಡಿಸಿ, ಒಂದೊಂದೇ ಬೆರಳು ಒಳಗೆ ಸೇರುವಂತೆ ತೊಡಿಸಿದ.

ಅವನು ಗರಿ ಸೀಳಿ ಅನ್ನ ಅವಳೆಡೆ ಸರಿಸಿದ, ಅವಳು ಸುಟ್ಟ ಅಂಚಿನ ತುಂಡುಗಳನ್ನು ಅವನೆಡೆ ಸರಿಸಿದಳು. ಅವನಿಗೆ ಅಂಚು ಇಷ್ಟವೆಂದು ಅವಳಿಗೆ ಗೊತ್ತಿತ್ತು. ಊಟ ಮುಗಿದರೆ ಅವಳು ಕೇಳುತ್ತಾಳೆ. ಕೊನೆಯ ತುತ್ತನ್ನು ಅವನು ಬಹಳ ಹೊತ್ತು ಅಗಿದ.

"ಉಂಡಾಯ್ತು. ಈಗ ಕೇಳಬಹುದು ತಾನೆ?" ಎಂದಳು.

ಅವನು ತಲೆಯಾಡಿಸಿದ.

"ನೀನು ತಟ್ಟೋ ಹೊತ್ತಿಗೆ ಸರಿಯಾಗಿ ಒಳಗೆ ಏನೋ ಜಾರಿತು ಕಣೋ. ಕಳಕ್ ಅಂತ. ಕೈ ಇದೆ ಅಂತಾನೇ ಗೊತ್ತಾಗ್ಲಿಲ್ಲ. ಅದನ್ನ ಮೇಲೆತ್ತಿದ್ರೆ ತಲೆ ಮೇಲೇ ಬೀಳ್ತಿತ್ತು." ಅವಳ ದನಿ ಸಣ್ಣದಾಯಿತು. "ತಿಂಗಳಿಂದ ನೋವು. ಮನಾಂಗ್‌ಗೆ ಸುಳ್ಳು ಹೇಳಿದೆ. ನೀನು ಒಂದು ಸಲ ಕೇಳಿದ್ರೆ ಹೇಳಿಬಿಡ್ತಿದ್ದೆ. ನೀನು ಕೇಳ್ಲೇ ಇಲ್ಲ. ನನ್ನ ಕಡೆ ನೋಡೋದೇ ಬಿಟ್ಟಿದ್ದೀಯ ಅಂದ್ಕೊಂಡೆ."

ಅವನು ಖಾಲಿಯಾದ ಗರಿಯನ್ನು ಮಡಿಸಿ ಪಕ್ಕಕ್ಕಿಟ್ಟ.

"ಆ ಒಂದು ಕ್ಷಣ ನಿನಗೆ ಹೇಗೋ ಕಾಣಿಸ್ತು?"

"ನಿನ್ನನ್ನೇ ನೋಡ್ತಿದ್ದೆ," ಎಂದ. ತಟ್ಟೆ ಪಕ್ಕಕ್ಕೆ ಸರಿಸಿ, "ಯಾವಾಗ್ಲೂ ನಿನ್ನನ್ನೇ ನೋಡ್ತಿರ್ತೀನಿ," ಎಂದ.

ಅವಳು ಪ್ಲಾಸ್ಟಿಕ್ ಚೀಲದ ಕೈಯನ್ನೇ ಅವನ ಕೈ ಮೇಲಿಟ್ಟಳು. "ಅಷ್ಟು ಹೇಳೋಕೆ ನನ್ನ ಭುಜ ಮುರೀಬೇಕಿತ್ತಾ?" ಎಂದು ನಕ್ಕಳು. ಈ ಸಲ ಕಣ್ಣೂ ನಕ್ಕಿತು. ಬಿಚ್ಚಿಹೋದ ಕೂದಲನ್ನು ಅವನತ್ತ ತಿರುಗಿಸಿ, ರಬ್ಬರನ್ನು ಅವನ ಬೆರಳಿಗೆ ಸಿಕ್ಕಿಸಿ, ಕಟ್ಟಲು ಹೇಳಿದಳು. ಅವನಿಗೆ ಕಟ್ಟಲು ಬರುತ್ತಿರಲಿಲ್ಲ. ಸೊಟ್ಟಗೆ ಕಟ್ಟಿದ. ಅವಳು ಹಾಗೇ ಇರಲಿ ಎಂದಳು.

ಭುಜ ವಾಸಿಯಾಗಲು ಮಳೆಗಾಲ ಪೂರ್ತಿ ಹಿಡಿಯಿತು. ಅವರಿಬ್ಬರ ಮದುವೆಯಲ್ಲಿ ಮನಾಂಗ್ ಎಲ್ಲರ ಮುಂದೆ ಆ ಎರಡು ತಟ್ಟಿನ ಕಥೆ ಹೇಳಿ, ಹೀಗೆ ನೋಡೋ ಕಣ್ಣು ಬೇಕು ಎಂದು ಅವನ ಬೆನ್ನು ಚಪ್ಪರಿಸಿದರು. ಗ್ಲೈಸಾ ಈಗಲೂ ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ. ಅವನು ಪಕ್ಕದಲ್ಲಿ ಕೂತು ಕೇಳುತ್ತಾನೆ.

ಆ ಕ್ಷಣದಲ್ಲಿ ತಾನು ನೋಡಿದ್ದು ಅವಳ ಬೆನ್ನ ಮೇಲಿದ್ದ ಕೈಯನ್ನು, ಭುಜವನ್ನಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.