ರೋಸಾಳ ಪರ ಒಬ್ಬ ಸಾಕ್ಷಿ

ಸಂಜುವಿನ ಪರಿಚಯ ಮಾಡಿಸಿದ್ದು ಸ್ಮೋಕ್ ಅಲಾರ್ಮ್. ಸಿಡ್ನಿಯ ಚಾಟ್ಸ್‌ವುಡ್‌ನ ಒಂದು ಹಾಲ್‌ನಲ್ಲಿ ನಮ್ಮ ನಾಟಕದ ಮೊದಲ ರಿಹರ್ಸಲ್. ಪೋರ್ಚುಗೀಸರ ಕಾಲದ ಗೋವಾದಲ್ಲಿ, ಮಕ್ಕಳ ದೃಷ್ಟಿ ತೆಗೆದಳೆಂದು ಮಾಟಗಾತಿಯ ಪಟ್ಟ ಹೊತ್ತು ವಿಚಾರಣೆಗೆ ನಿಂತ ರೋಸಾಳ ಕಥೆ. ರೋಸಾ ನಾನು. ದೃಷ್ಟಿ ತೆಗೆಯುವ ದೃಶ್ಯ ನಿಜದ ಹಾಗೆ ಇರಲೆಂದು ಕಿಚನ್‌ನಲ್ಲಿ ಒಣಮೆಣಸು ಸುಟ್ಟೆ. ಹಾಲ್ ಖಾಲಿಯಾಯಿತು, ಫೈರ್ ಇಂಜಿನ್ ಬಂತು.

ಹೊರಗೆ ಹುಲ್ಲಿನ ಮೇಲೆ ಕೆಮ್ಮುತ್ತಾ ನಿಂತವರಲ್ಲಿ ನಗುತ್ತಿದ್ದವನು ಒಬ್ಬನೇ. ಸಂಜು, ಧಾರವಾಡದವನು. ನಾಟಕ ಬರೆದವನೂ ಅವನೇ, ವಿಚಾರಣೆಯ ಗುಮಾಸ್ತನ ಪಾತ್ರವೂ ಅವನದೇ.

“ಗ್ಲೆನಿಟಾ ಅವರ, ನಾಟಕದಾಗ ಸುಡೋ ಮಾತು ಬರೋದು ಕಡೇ ಸೀನಿಗ್ರಿ. ನೀವು ಮೊದಲನೇ ದಿನಾನ ನಮ್ಮನ್ನ ಸುಟ್ರಲ್ರಿ.”

“ಘಾಟು ಬಂದ್ರೆ ದೃಷ್ಟಿ ಇಲ್ಲ ಅಂತ ಲೆಕ್ಕ. ನಿಮ್ಮ ಮೇಲೆ ಯಾರ ಕಣ್ಣೂ ಬಿದ್ದಿಲ್ಲ ಮಾರಾಯ್ರೆ,” ಎಂದೆ.

“ಈಗ ಬಿತ್ತಲ್ರಿ,” ಎಂದು ನನ್ನನ್ನೇ ನೋಡಿದ. ನಾನು ಫೈರ್ ಇಂಜಿನ್ ಕಡೆ ನೋಡಿದೆ. ಆಮೇಲೆ ಪುನಃ ಅವನನ್ನು ನೋಡಿದೆ.

ಅಂದಿನಿಂದ ಪ್ರತಿ ಶನಿವಾರ ಅವನ ಕಾರಿನಲ್ಲೇ ಮನೆಗೆ. ನನ್ನ ಮನೆಯಿದ್ದ ಸ್ಕೋಫೀಲ್ಡ್ಸ್ ಅಷ್ಟು ಬೇಗ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಸಿಗ್ನಲ್‌ಗಳಲ್ಲಿ ನನ್ನಿಂದ ಡೈಲಾಗ್ ಹೇಳಿಸುತ್ತಿದ್ದ. ತಪ್ಪಿದರೆ ಹಸಿರು ಬಂದರೂ ಕದಲುತ್ತಿರಲಿಲ್ಲ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಕೊನೆಯ ದೃಶ್ಯದಲ್ಲಿ ಗುಮಾಸ್ತ ಲೇಖನಿ ಕೆಳಗಿಟ್ಟು, ಪ್ರಾಣದ ಹಂಗು ತೊರೆದು, “ನಾನು ನೋಡಿದ್ದೇನೆ, ಇವಳು ನಿರಪರಾಧಿ” ಎನ್ನುತ್ತಾನೆ. ಅಂಥ ಮಾತು ಬರೆದವನನ್ನು ಪ್ರೀತಿಸದೆ ಇರುವುದು ಹೇಗೆ? ಪ್ರೀತಿಸಿದೆ. ಹೇಳಿಯೂ ಬಿಟ್ಟೆ.

ಏಳನೆಯ ಶನಿವಾರ ಯುಜಿನಿಯಾ ಆಂಟಿ ಮೊಮ್ಮಗಳು ರಿಯೋನಾಳನ್ನು ಎತ್ತಿಕೊಂಡು ರಿಹರ್ಸಲ್‌ಗೆ ಬಂದರು. ನಮ್ಮ ಮಂಗಳೂರಿನ ಕುಟುಂಬಗಳ ಪ್ರಾರ್ಥನಾಕೂಟಕ್ಕೆ ಆಂಟಿಯೇ ಹಿರಿಯರು. ಅವರ ಗಂಡ ಲ್ಯಾನ್ಸ್‌ಲೊಟ್ ಅಂಕಲ್ ನಾರ್ತ್ ಸಿಡ್ನಿಯ ತಮ್ಮ ಕಂಪೆನಿಯಿಂದ ಸಂಜುವಿನ ವೀಸಾ ಸ್ಪಾನ್ಸರ್ ಮಾಡಿದವರು. ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ಬರುವವರೆಗೆ ಅವನು ಅವರ ಕೈಯಲ್ಲೇ. ಮಗು ಒಂದೇ ಸಮನೆ ಅಳುತ್ತಿತ್ತು. ಆಂಟಿ ನನ್ನನ್ನು ಸ್ಟೇಜಿನ ಬದಿಗೆ ಕರೆದು, ಊರಲ್ಲಿ ನಿನ್ನ ಅಜ್ಜಿ ತೆಗೆಯುತ್ತಿದ್ದ ಹಾಗೆ ಒಮ್ಮೆ ದೃಷ್ಟಿ ತೆಗೆ, ಯಾರಿಗೂ ಹೇಳಬೇಡ ಎಂದರು. ಅಲ್ಲೇ ಏಣಿಯ ಮೇಲೆ ಲೈಟ್ ಕಟ್ಟುತ್ತಿದ್ದ ಸಂಜು ನೋಡಿ ನಕ್ಕ. ನಾನು ನಾಟಕದ ಮೆಣಸನ್ನೇ ಮುಷ್ಟಿಯಲ್ಲಿ ಹಿಡಿದು, ಮಗುವಿಗೆ ಮೂರು ಸುತ್ತು ಇಳಿಸಿದೆ. ಆದರೆ ಸುಡಲಿಲ್ಲ. ಅಲಾರ್ಮ್ ಕಲಿಸಿದ ಪಾಠ. ಮನೆಯಲ್ಲಿ ಸುಟ್ಟರಾಯಿತೆಂದು ಟಿಶ್ಯೂನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ, ಮರೆತೆ.

ಅಂದೇ ಸಂಜೆ ಮಗುವಿಗೆ ಫಿಟ್ಸ್ ಬಂತು. ಜ್ವರದ ಫಿಟ್ಸ್, ಹೆದರಬೇಡಿ ಎಂದ ಡಾಕ್ಟರ್ ಎರಡು ದಿನದಲ್ಲಿ ಮನೆಗೆ ಕಳಿಸಿದರು. ಪ್ರಾರ್ಥನಾಕೂಟಕ್ಕೆ ಅದು ಸಾಕಾಗಲಿಲ್ಲ. ಮಾಟಗಾತಿಯ ಪಾರ್ಟ್ ಮಾಡಿ ಮಾಡಿ ಅವಳ ಮೈಯಲ್ಲಿ ಏನೋ ಸೇರಿಕೊಂಡಿದೆ ಎಂದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರೆದರು. ಬರೆದವರು ಐಟಿ ಮ್ಯಾನೇಜರುಗಳು, ನರ್ಸುಗಳು. ನಾಟಕದ ಕಥೆ ಕೇಳಿ, ಮುನ್ನೂರು ವರ್ಷದ ಹಿಂದಿನವರನ್ನು ಮೂಢರೆಂದು ನಕ್ಕಿದ್ದವರೂ ಇವರೇ.

ಮುಂದಿನ ಭಾನುವಾರ ಆಂಟಿಯ ಮನೆಯಲ್ಲಿ ನನ್ನನ್ನು ನಡುವೆ ಕೂರಿಸಿದರು. ಬ್ಯಾಗ್ ತೆರೆಸಿದರು. ಸುಡದ ಮೆಣಸು ಸಿಕ್ಕಿದ್ದೇ ತಡ, ಮಗುವಿನ ಪೀಡೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ ಎಂದು ಯಾರೋ ಜಪಸರ ತೆಗೆದರು. ದೃಷ್ಟಿ ತೆಗೆಯಲು ತಾನು ಹೇಳೇ ಇಲ್ಲ ಎಂದರು ಆಂಟಿ. ನನಗೆ ಹೆದರಿಕೆಯಾಗಲಿಲ್ಲ. ಸಂಜು ಇದ್ದನಲ್ಲ. ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ನೀನು ಏನು ನೋಡಿದೆ ಎಂದು ಅಂಕಲ್ ಅವನನ್ನು ಕೇಳಿದರು.

ಸಂಜು ಕಾರ್ಪೆಟ್ ನೋಡಿದ. “ನಾ ಲೈಟ್ ಕಟ್ಟಾಕತ್ತಿದ್ದೆ, ಅಂಕಲ್. ನಾ ಏನೂ ನೋಡ್ಲಿಲ್ಲ.”

ಎದೆ ಒಡೆಯಿತು. ಅದಕ್ಕೆ ಇನ್ನೂ ಚಂದದ ಮಾತು ನನ್ನಲ್ಲಿಲ್ಲ. ಹೊರಗೆ ಕಾರಿನ ಬಳಿ ನನ್ನ ಕೈ ಹಿಡಿದು, ಒಮ್ಮೆ ಕ್ಷಮೆ ಕೇಳಿಬಿಡು, ಎಲ್ಲ ತಣ್ಣಗಾಗುತ್ತದೆ ಎಂದು ಬೇಡಿಕೊಂಡ. ಕೈ ಬಿಡಿಸಿಕೊಂಡೆ. ನಾಟಕ ನಿಂತಿತು. ತಿಂಗಳೊಳಗೆ ನಾನು ಮೆಲ್ಬರ್ನ್‌ನಲ್ಲಿ ಕೆಲಸ ಹಿಡಿದು ಹೊರಟೆ.

ಒಂದು ವರ್ಷ ಕಳೆದು, ಮೊನ್ನೆ ಶನಿವಾರ ಮಧ್ಯಾಹ್ನ, ನನ್ನ ಟ್ರಾಮ್ ಸ್ಟಾಪಿನ ಎದುರಿನ ಕೆಫೆಯಲ್ಲಿ, ನನ್ನನ್ನು ಹುಡುಕಿಕೊಂಡು ಬಂದ ಸಂಜು ಕೂತಿದ್ದ. ಸ್ವಲ್ಪ ಸೊರಗಿದ್ದ. ಆ ಕಣ್ಣು ಮಾತ್ರ ಹಾಗೇ ಇತ್ತು.

“ನಾ ನೋಡಿದ್ದೆ, ಗ್ಲೆನಿ. ಆಂಟೀನ ನಿನ್ನ ಕರದಿದ್ರು. ಎಲ್ಲಾ ನೋಡಿದ್ದೆ.”

ಈ ಮಾತಿಗಾಗಿ ವರ್ಷವಿಡೀ ಕಾದಿದ್ದೆ. ಸುಳ್ಳೇಕೆ ಹೇಳಲಿ, ಮೇಜಿನ ಮೇಲೆ ನನ್ನ ಕೈ ಅವನ ಕೈಯ ಕಡೆಗೆ ಹೊರಟಿತ್ತು. ಅರ್ಧ ದಾರಿಯಲ್ಲಿ ನಿಲ್ಲಿಸಿದೆ.

“ಪಿಆರ್ ಬಂತಾ?”

ಅವನು ಕಾಫಿ ಕದಡಿದ. “ಹೋದ ಮಂಗಳವಾರ.”

“ಈ ಮಾತು ಆಂಟಿಯ ಮನೆಯಲ್ಲಿ ಹೇಳ್ತೀಯಾ? ನಾನೂ ಬರ್ತೇನೆ.”

“ಅದನ್ನೆಲ್ಲಾ ಮತ್ತ ಯಾಕ ಕೆದಕೂದು? ಅಂಕಲ್ ನಂಗ ಭಾಳ ಮಾಡ್ಯಾರ. ನಾವಿಬ್ರು ಇಲ್ಲೇ ಇರೂಣು.”

ಗುಮಾಸ್ತನ ಮಾತು ನೀನು ತುಂಬ ಚಂದ ಬರೆದಿದ್ದೆ ಎಂದಷ್ಟೇ ಹೇಳಿ ಎದ್ದೆ. ಟ್ರಾಮ್ ಬಂತು. ಹತ್ತಿ ಕೂತು ಹಿಂದೆ ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ನೋಡುವುದರಲ್ಲಿ ಅವನು ಎಂದೂ ಕಡಿಮೆ ಮಾಡಿದವನಲ್ಲ.

ಮನೆಗೆ ಬಂದು, ಅಂದು ಮುಟ್ಟಲು ಯಾರೂ ಧೈರ್ಯ ಮಾಡದೆ ಹಳೇ ಬ್ಯಾಗಿನಲ್ಲೇ ಉಳಿದಿದ್ದ ಆ ಟಿಶ್ಯೂ ತೆಗೆದೆ. ಅದನ್ನು ಎಸೆಯಲು ಇಷ್ಟು ದಿನ ಮನಸ್ಸಾಗಿರಲಿಲ್ಲ. ಮೆಣಸನ್ನು ಗ್ಯಾಸಿನ ಮೇಲಿಟ್ಟೆ. ಘಾಟು ಮೂಗಿಗೆ ಬಡಿಯಿತು. ಮಗುವಿಗೆ ದೃಷ್ಟಿಯೇ ಆಗಿರಲಿಲ್ಲ. ಅಲಾರ್ಮ್ ಕೂಗತೊಡಗಿತು. ಸ್ಟೂಲ್ ಹತ್ತಿ ಅದನ್ನು ನಿಲ್ಲಿಸಿ, ಕೆಮ್ಮುತ್ತಾ ಅಲ್ಲೇ ಕೂತು ಅತ್ತೆ. ಈ ಸಲ ನಗಲು ಜೊತೆಗೆ ಯಾರೂ ಇರಲಿಲ್ಲ.